‘ಅಭಿವೃದ್ಧಿಶೀಲ ದೇಶ’ ಅಂತ ಯಾರು ತೀರ್ಮಾನಿಸುತ್ತಾರೆ?

ಪ್ರಶ್ನೆ: ಮಗಳ ಸಮಾಜ ಪಾಠದಲ್ಲಿ ಈ ಪದ ಬಂತು. ‘ಯಾವ ಗೆರೆ ದಾಟಿದರೆ ಮುಂದುವರಿದ ದೇಶ ಅಪ್ಪಾ?’ ಅಂತ ಕೇಳಿದಳು. ಆದಾಯ ಒಂದೇ ಸಾಕಾ?

ಉತ್ತರ 1: ಎಲ್ಲರೂ ಒಪ್ಪಿದ ಗೆರೆ ಇಲ್ಲ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೇಶವೇ ತಾನು ಅಭಿವೃದ್ಧಿಶೀಲ ಅಂತ ಹೇಳಿಕೊಳ್ಳಬಹುದು. ವಿಶ್ವಬ್ಯಾಂಕ್ ತಲಾ ಆದಾಯ ನೋಡಿ ನಾಲ್ಕು ಗುಂಪು ಮಾಡುತ್ತದೆ. 1990ರಲ್ಲಿ ಬಂದ ಮಾನವ ಅಭಿವೃದ್ಧಿ ಸೂಚ್ಯಂಕ ಆಯಸ್ಸು, ಓದನ್ನೂ ಲೆಕ್ಕಕ್ಕೆ ತಗೊಂಡಿತು. ನನಗೆ ಇದೇ ಹೆಚ್ಚು ಸರಿ ಅನ್ನಿಸುತ್ತದೆ.

ಉತ್ತರ 2: ಗೆರೆಗಿಂತ ಕಷ್ಟ ಏನು ಅಂತ ನೋಡಿ. ಆಫ್ರಿಕಾದ ಜಾಂಬಿಯಾ ದೇಶದ ರಫ್ತಿನಲ್ಲಿ ತಾಮ್ರದ್ದೇ ದೊಡ್ಡ ಪಾಲು. ತಾಮ್ರದ ಬೆಲೆ ಬಿದ್ದರೆ ಸರ್ಕಾರದ ಆದಾಯವೂ ಬೀಳುತ್ತದೆ. ಹೊರದೇಶದ ಸಾಲ ಮಾತ್ರ ಹೆಚ್ಚಾಗಿ ಡಾಲರ್‌ನಲ್ಲಿ. ತನ್ನ ಹಣದ ಬೆಲೆ ಇಳಿದಷ್ಟೂ ಸಾಲದ ಹೊರೆ ಜಾಸ್ತಿ. 2020ರಲ್ಲಿ ಬಡ್ಡಿ ಕಟ್ಟಲಾಗಲಿಲ್ಲ. ಬಡ್ಡಿಗೆ ಹೋಗುವ ದುಡ್ಡು ಶಾಲೆ, ಆಸ್ಪತ್ರೆಗೆ ಸಿಗಬೇಕಾದದ್ದು ಅಲ್ವಾ? ನನಗೆ ತುಂಬಾ ನೋವಾಗುವುದು ಇಲ್ಲೇ.

ಉತ್ತರ 3: ಆಫ್ರಿಕಾದ್ದೇ ಆದ ಬೋಟ್ಸ್ವಾನಾ ಕಥೆಯನ್ನೂ ಮಗಳಿಗೆ ಹೇಳಿ. ವಜ್ರದ ದುಡ್ಡನ್ನು ಜೋಪಾನವಾಗಿ ಬಳಸಿ, 1994ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದ ಮೊದಲ ದೇಶ ಅದು. ಆದರೆ ಅದೇ ದಶಕದಲ್ಲಿ ಎಚ್‌ಐವಿ ಹರಡಿ ಜನರ ಸರಾಸರಿ ಆಯಸ್ಸು ಕುಸಿಯಿತು.

ಪ್ರಶ್ನೆ ಕೇಳಿದವರು: ಇವತ್ತು ರಾತ್ರಿ ಭೂಪಟ ಹರಡಿಕೊಂಡು ಇವೆರಡೂ ದೇಶ ತೋರಿಸುತ್ತೇನೆ.