ವಿವಿಯನ್ ಲೀ ಅವರ ಬಾಲ್ಯ ಮತ್ತು ಆರಂಭದ ವೃತ್ತಿಜೀವನ

ಪ್ರಶ್ನೆ:
‘ಗಾನ್ ವಿತ್ ದ ವಿಂಡ್’ ಚಿತ್ರವನ್ನು ಮತ್ತೊಮ್ಮೆ ನೋಡಿದ ಮೇಲೆ ಸ್ಕಾರ್ಲೆಟ್ ಪಾತ್ರಧಾರಿ ವಿವಿಯನ್ ಲೀ ಅವರ ಬಗ್ಗೆ ತಿಳಿಯುವ ಹಂಬಲ ಹೆಚ್ಚಾಗಿದೆ. ಅವರು ಭಾರತದಲ್ಲಿ ಹುಟ್ಟಿದವರೆಂಬುದು ನಿಜವೇ? ಈ ಚಿತ್ರಕ್ಕೂ ಮೊದಲು ಅವರು ನಟಿಸಿದ್ದರೇ?

ಉತ್ತರ 1:
ನಿಜ. 1913ರ ನವೆಂಬರ್ 5ರಂದು ಡಾರ್ಜಿಲಿಂಗಿನಲ್ಲಿ ಜನಿಸಿದ ಅವರ ಮೂಲ ಹೆಸರು ವಿವಿಯನ್ ಮೇರಿ ಹಾರ್ಟ್ಲಿ. ತಂದೆ ಅಶ್ವದಳದ ಅಧಿಕಾರಿಯಾಗಿ 1917ರಲ್ಲಿ ಬೆಂಗಳೂರಿಗೆ ವರ್ಗವಾದಾಗ ತಾಯಿ, ಮಗಳು ಊಟಿಯಲ್ಲಿ ಉಳಿದರು. ಮೂರನೆಯ ವಯಸ್ಸಿನಲ್ಲಿ ತಾಯಿಯ ಹವ್ಯಾಸಿ ನಾಟಕ ತಂಡದೊಂದಿಗೆ ವೇದಿಕೆಯೇರಿ ಶಿಶುಗೀತೆಯೊಂದನ್ನು ಹೇಳಿದ್ದೇ ಅವರ ಮೊದಲ ರಂಗಪ್ರವೇಶ. 1920ರಲ್ಲಿ, ಇನ್ನೂ ಏಳು ತುಂಬುವ ಮೊದಲೇ, ಅವರನ್ನು ಇಂಗ್ಲೆಂಡಿನ ರೋಹ್ಯಾಂಪ್ಟನ್ ಕಾನ್ವೆಂಟಿಗೆ ಸೇರಿಸಲಾಯಿತು. ಅಷ್ಟು ಎಳೆಯ ಮಗುವನ್ನು ಸಮುದ್ರದಾಚೆ ಬಿಟ್ಟುಬರುವುದು ಅಂದಿನ ಆಂಗ್ಲ ಕುಟುಂಬಗಳಲ್ಲಿ ರೂಢಿಯಾಗಿತ್ತಾದರೂ, ಓದುವಾಗ ನನಗೆ ಸಂಕಟವಾಗುತ್ತದೆ.

ಉತ್ತರ 2:
ಅದೇ ಕಾನ್ವೆಂಟಿನಲ್ಲಿ ಅವರ ಗೆಳತಿಯಾಗಿದ್ದವರು, ಮುಂದೆ ತಾನೂ ನಟಿಯಾದ ಮೌರೀನ್ ಓ’ಸಲಿವನ್; 1938ರ ‘ಎ ಯಾಂಕ್ ಅಟ್ ಆಕ್ಸ್‌ಫರ್ಡ್’ ಚಿತ್ರದಲ್ಲಿ ಇಬ್ಬರೂ ಒಟ್ಟಿಗೆ ನಟಿಸಿದರು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ನಲ್ಲಿ ಓದುತ್ತಿರುವಾಗಲೇ, 1932ರಲ್ಲಿ, ಅವರು ವಕೀಲ ಹರ್ಬರ್ಟ್ ಲೀ ಹೋಲ್ಮನ್ ಅವರನ್ನು ಮದುವೆಯಾದರು. ರಂಗನಾಮದ ‘ಲೀ’ ಬಂದದ್ದು ಪತಿಯ ಹೆಸರಿನಿಂದಲೇ.

ಉತ್ತರ 3:
ಹಾಲಿವುಡ್ ಅವರನ್ನು ಒಮ್ಮೆಗೇ ಕಂಡುಹಿಡಿಯಿತೆಂಬ ಮಾತನ್ನು ನಾನು ಒಪ್ಪಲಾರೆ. 1935ರಲ್ಲಿ ಲಂಡನ್ನಿನಲ್ಲಿ ‘ದ ಮಾಸ್ಕ್ ಆಫ್ ವರ್ಚ್ಯೂ’ ನಾಟಕ ಅವರಿಗೆ ಹೆಸರು ತಂದಿತ್ತು; 1937ರ ‘ಫೈರ್ ಓವರ್ ಇಂಗ್ಲೆಂಡ್’ ಚಿತ್ರದಲ್ಲಿ ಅವರು ಲಾರೆನ್ಸ್ ಒಲಿವಿಯೆ ಅವರೊಂದಿಗೆ ನಟಿಸಿದ್ದರು. ಆಸ್ಕರ್ ತಂದುಕೊಟ್ಟ ಸ್ಕಾರ್ಲೆಟ್ ಪಾತ್ರ ಬಂದದ್ದು ಇವೆಲ್ಲದರ ನಂತರ, 1939ರಲ್ಲಿ.