ನರಿ ಬಂತು ಎಂದು ಹೇಳಬೇಡ

ಪುಟ್ಟೀ, ನಿನ್ನ ಪ್ರಶ್ನೆಯನ್ನು ಬೆಳಿಗ್ಗೆಯೇ ಓದಿದೆ. ಒಂದೊಂದೇ ಅಕ್ಷರ ಒತ್ತುತ್ತಾ ಕುಳಿತರೆ ರಾತ್ರಿಯಾಗುತ್ತದೆ ಎಂದು ಧ್ವನಿ ಸಂದೇಶವನ್ನೇ ಕಳುಹಿಸುತ್ತಿದ್ದೇನೆ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ಬಾಯಿ, ಮಾತನಾಡಿದರೂ ಪ್ರಬಂಧ ಓದಿದಂತೆಯೇ ಕೇಳಿಸುತ್ತದೆ ಎಂದು ನಿನ್ನ ದೊಡ್ಡಮ್ಮ ಅಡುಗೆಮನೆಯಿಂದ ಗೊಣಗುತ್ತಿದ್ದಾಳೆ, ಎಲ್ಲರೂ ಸಹಿಸಿಕೊಳ್ಳಿ. ಚಿಕ್ಕವಳು ದೀಪಾವಳಿಯಿಂದಲೂ ಪ್ರತಿ ರಾತ್ರಿ ಅದೇ ಕೋಳಿ-ನರಿಯ ಚಿತ್ರಪುಸ್ತಕವನ್ನು ಓದಿಸುತ್ತಾಳೆ, ದೊಡ್ಡವನು ನಿಧಿ, ಹಡಗು, ಕಾಡು ಎಂದು ಸಾಹಸದ ಕಾದಂಬರಿಗಳನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ, ತಂದುಕೊಟ್ಟ ಮಹಾಪುರುಷರ ಜೀವನಚರಿತ್ರೆಗಳೆಲ್ಲ ಕಪಾಟಿನಲ್ಲಿ ಹಾಗೆಯೇ ಕುಳಿತಿವೆ, ಇದನ್ನು ಓದು ಎನ್ನಬಹುದೇ ಎಂದು ನೀನು ಕೇಳಿದ್ದೀಯೆ. ಅದರ ಕೆಳಗೆ ಭಾವನವರು, ಪುಟಕ್ಕೆ ಮೂರು ಪದ ಇರುವ ಪುಸ್ತಕಕ್ಕೆ ಅಷ್ಟು ದುಡ್ಡು ಸುರಿಯುವುದು ದಂಡ ಎಂದು ತೀರ್ಪನ್ನೂ ಕೊಟ್ಟಿದ್ದಾರೆ.

ಭಾವನವರ ಲೆಕ್ಕ ತಪ್ಪಲ್ಲ, ತೀರ್ಪು ಮಾತ್ರ ತಪ್ಪು. ಆ ಪುಸ್ತಕ ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಬರೆದು, ತಾವೇ ಚಿತ್ರ ಬಿಡಿಸಿ, 1968ರಲ್ಲಿ ಪ್ರಕಟಿಸಿದ ‘ರೋಸೀಸ್ ವಾಕ್’. ಇಡೀ ಪುಸ್ತಕದಲ್ಲಿರುವುದು 32 ಪದಗಳು. ಅವೆಲ್ಲ ಸೇರಿ ಆಗುವುದು ಒಂದೇ ವಾಕ್ಯ. ರೋಸಿ ಎಂಬ ಹೇಂಟೆ ಅಡ್ಡಾಡಲು ಹೋಗಿ ಊಟದ ಹೊತ್ತಿಗೆ ಮನೆಗೆ ಬಂದಳು ಎನ್ನುವುದಷ್ಟೇ ಮಾತಿನಲ್ಲಿರುವ ಕಥೆ. ಅವಳ ಬೆನ್ನ ಹಿಂದೆಯೇ ಒಂದು ನರಿ ಹೊಂಚುತ್ತಾ ಬರುತ್ತಿದೆ ಎಂಬುದನ್ನು ಆ 32 ಪದಗಳಲ್ಲಿ ಒಂದೂ ಹೇಳುವುದಿಲ್ಲ. ಒಂದು ಪುಟದಲ್ಲಿ ನರಿ ನೆಗೆದಿದೆ. ಅದು ಬೀಳಲಿರುವ ಜಾಗದಲ್ಲಿ ತರಗೆಲೆ ಬಾಚುವ ಹಲ್ಲಿನ ಕೋಲು ಬಿದ್ದಿದೆ. ಪುಟ ತಿರುಗಿಸಿದರೆ ಅಲ್ಲಿ ಅಕ್ಷರವೇ ಇಲ್ಲ, ಕೋಲಿನ ಹಿಡಿ ಎದ್ದು ನರಿಯ ಮೂತಿಗೆ ಬಡಿದಿದೆ. ಹೀಗೆಯೇ ಅದು ಕೊಳಕ್ಕೆ ಬೀಳುತ್ತದೆ, ಮೈತುಂಬ ಹಿಟ್ಟು ಸುರಿಸಿಕೊಳ್ಳುತ್ತದೆ, ಕೊನೆಗೆ ಜೇನುಹುಳುಗಳಿಂದ ಅಟ್ಟಿಸಿಕೊಂಡು ಓಡುತ್ತದೆ. ಹೇಂಟೆ ಮಾತ್ರ ಮದುವೆಮನೆಯ ಹಿರಿಯ ಅತ್ತೆಯಂತೆ ಕತ್ತು ನೆಟ್ಟಗೆ ಇಟ್ಟುಕೊಂಡು ನಡೆದೇ ಹೋಗುತ್ತದೆ.

ದೀಪಾವಳಿಗೆ ಬಂದಾಗ ಚಿಕ್ಕವಳು ನನ್ನಿಂದಲೂ ಓದಿಸಿದ್ದಳು. ಪಾಠದ ಚಾಳಿ ಬಿಡುತ್ತದೆಯೇ, ಮೊದಲ ಪುಟದಲ್ಲಿಯೇ ‘ನೋಡಮ್ಮಾ, ಹಿಂದೆ ನರಿ ಬಂತು’ ಎಂದೆ. ಆರು ವರ್ಷದ ಹುಡುಗಿ ತನ್ನ ಪುಟ್ಟ ಅಂಗೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದು, ‘ಅಜ್ಜಾ, ಅದನ್ನು ನೀನು ಹೇಳಬಾರದು’ ಎಂದಳು. ಓದುವ ದೊಡ್ಡವನ ಕಣ್ಣು ಅಕ್ಷರದ ಮೇಲಿರುತ್ತದೆ, ಓದಲು ಬಾರದ ಮಗುವಿನ ಕಣ್ಣು ಚಿತ್ರದ ಮೇಲಿರುತ್ತದೆ. ಆದ್ದರಿಂದ ಆ ಪುಸ್ತಕದಲ್ಲಿ ಹೆಚ್ಚು ತಿಳಿದವಳು ಅವಳು, ಪೆದ್ದ ನಾನು. ದಿನವಿಡೀ ನಮ್ಮಿಂದ ‘ನಿನಗೇನು ಗೊತ್ತು’ ಎನ್ನಿಸಿಕೊಳ್ಳುವ ಮಗುವಿಗೆ ಇದಕ್ಕಿಂತ ಹೆಚ್ಚಿನ ಸುಖ ಯಾವುದಿದ್ದೀತು! ಅದಕ್ಕೇ ಅವಳು ಅದನ್ನು ಪ್ರತಿ ರಾತ್ರಿ ಬೇಡುತ್ತಾಳೆ.

ಇಲ್ಲಿ ಕನ್ನಡ ಮೇಷ್ಟ್ರ ಚಪಲವೊಂದನ್ನು ತೀರಿಸಿಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿ ಆ ವಾಕ್ಯದ ಕ್ರಿಯಾಪದ ಆರಂಭದಲ್ಲಿಯೇ ಬಂದುಬಿಡುತ್ತದೆ. ಅದನ್ನೇ ನಾನು ಕನ್ನಡದಲ್ಲಿ ಅಂಗಳ ದಾಟಿ, ಕೊಳ ಬಳಸಿ, ಹುಲ್ಲುಮೆದೆ ಹತ್ತಿಳಿದು, ಗಿರಣಿ ಹಾದು, ಬೇಲಿ ನುಸುಳಿ, ಜೇನುಪೆಟ್ಟಿಗೆಗಳ ಕೆಳಗೆ ತೂರಿ ಎಂದು ಹೇಳುತ್ತಾ ಹೋದೆ. ‘ದಾಟಿ’, ‘ಬಳಸಿ’ಯಂಥ ನಮ್ಮ ಕೃದಂತಾವ್ಯಯಗಳ ಗುಣವೇ ಅದು. ಒಂದೂ ಮುಗಿಯುವುದಿಲ್ಲ, ಪ್ರತಿಯೊಂದೂ ಮುಂದಕ್ಕೆ ಕೈ ಚಾಚುತ್ತದೆ. ‘ದಾಟಿ’ ಎಂದೊಡನೆ ವಾಕ್ಯ ಇನ್ನೂ ಇದೆ ಎಂದು ಅವಳ ಕಿವಿಗೆ ಗೊತ್ತಾಗಿ, ನಾನು ಹೇಳುವ ಮೊದಲೇ ಪುಟ ತಿರುಗಿಸುತ್ತಿದ್ದಳು. ‘ಬಂದಳು’ ಎಂಬ ಪದ ಕೊನೆಯ ಪುಟದವರೆಗೆ ಕಾದು ಕುಳಿತಿತ್ತು.

ದುಡ್ಡಿನ ಮಾತಿಗೆ ಹೆಚ್ಚು ಹೊತ್ತು ಬೇಡ. ಇಂಥ ಪುಸ್ತಕಗಳು ಸಾಮಾನ್ಯವಾಗಿ 32 ಪುಟದವು, ದೊಡ್ಡ ಹಾಳೆಯನ್ನು ಮಡಿಸಿ ಕತ್ತರಿಸುವ ಅಚ್ಚುಮನೆಯ ಲೆಕ್ಕಕ್ಕೆ ಹೊಂದುವ ಸಂಖ್ಯೆ ಅದು. ಪ್ರತಿ ಪುಟವೂ ಬಣ್ಣದ ಮುದ್ರಣವಾದ್ದರಿಂದ ಬೆಲೆ ಏರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿಯೇ ಸಿಗುತ್ತವೆ. ಭಾವನವರು ಒಮ್ಮೆ ಇಣುಕಿ ನೋಡಲಿ.

ನಗಿಸುವ ಪುಸ್ತಕ ನಮ್ಮದಲ್ಲ ಎಂದು ಅವರು ಬರೆದದ್ದು ಮಾತ್ರ ನನಗೆ ಹಿಡಿಸಲಿಲ್ಲ. ಇಲಿಗಳು ಊರನ್ನೇ ಆಳುವ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬಾಯಿಪಾಠ ಮಾಡಿ ಶಾಲೆಯಲ್ಲಿ ಬಹುಮಾನ ಪಡೆದವರು ಅವರೇ. ಅದರ ಮೂಲ, ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವಿತೆ. ನಟರೊಬ್ಬರ ಮಗ ಕಾಯಿಲೆ ಮಲಗಿದ್ದಾಗ, ಅವನು ಅದಕ್ಕೆ ಚಿತ್ರ ಬಿಡಿಸಿಕೊಂಡು ಹೊತ್ತು ಕಳೆಯಲಿ ಎಂದೇ ಬ್ರೌನಿಂಗ್ ಅದನ್ನು ಬರೆದುಕೊಟ್ಟರು. ಕುವೆಂಪು ಜರ್ಮನಿಯ ವೇಸರ್ ನದಿಯ ದಂಡೆಯ ಊರನ್ನು ಎತ್ತಿಕೊಂಡು ಬಂದು ನಮ್ಮ ತುಂಗೆಯ ದಡದಲ್ಲಿ ಇಟ್ಟರು, ಕೊಳಲೂದುವವನ ಕೈಗೆ ಕಿಂದರಿ ಕೊಟ್ಟರು. ಅದು ಬೇರೆ ಊರಿನದು ಎಂದು ನಮ್ಮಲ್ಲಿ ಯಾರಿಗಾದರೂ ಅನ್ನಿಸಿತ್ತೇ?

ಇನ್ನು ದೊಡ್ಡವನ ವಿಷಯ. ಅವನು ಈಗ ಓದುತ್ತಿರುವ ‘ಟ್ರೆಷರ್ ಐಲೆಂಡ್’ ಹುಟ್ಟಿದ ಬಗೆಯನ್ನು ಅವನಿಗೆ ಹೇಳು. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮರ್ ಎಂಬಲ್ಲಿ, ಹೊರಗೆ ಕಾಲಿಡಲಾಗದ ಮಳೆಯಲ್ಲಿ, ಅದರ ಲೇಖಕ ಸ್ಟೀವನ್‌ಸನ್ ತಮ್ಮ ಮಲಮಗನೊಂದಿಗೆ ಬಣ್ಣ ಹಚ್ಚುತ್ತಾ ಕುಳಿತು ಒಂದು ದ್ವೀಪದ ನಕ್ಷೆ ಬಿಡಿಸಿದರು. ಕಥೆ ಆಮೇಲೆ ಬಂದದ್ದು, ನಕ್ಷೆಯೊಳಗಿನಿಂದ. ದೀಪಸ್ತಂಭ ಕಟ್ಟುವ ಎಂಜಿನಿಯರ್ ಆಗಿದ್ದ ಸ್ಟೀವನ್‌ಸನ್ನರ ತಂದೆ, ಮಗ ಓದಿ ಹೇಳುವುದನ್ನು ಕೇಳಿ ತಾವೂ ಹುಡುಗನಾಗಿ, ಹಳೆಯ ನಾವಿಕನ ಪೆಟ್ಟಿಗೆಯಲ್ಲಿ ಏನೇನಿರಬೇಕು ಎಂದು ಪಟ್ಟಿ ಬರೆದುಕೊಟ್ಟರು. ಪುಸ್ತಕ 1883ರಲ್ಲಿ ಅಚ್ಚಾಗುವ ಹೊತ್ತಿಗೆ ಮೂಲ ನಕ್ಷೆ ಕಳೆದುಹೋಗಿತ್ತು. ಪಾಪ, ಲೇಖಕರು ತಮ್ಮ ಕಥೆಯನ್ನೇ ಮತ್ತೆ ಓದಿ, ಯಾವ ಗುಡ್ಡ ಎಲ್ಲಿ, ಯಾವ ಕೊಲ್ಲಿ ಎಲ್ಲಿ ಎಂದು ಹೆಕ್ಕಿ, ಹೊಸದಾಗಿ ನಕ್ಷೆ ಬರೆಯಬೇಕಾಯಿತು.

ಇಂಥ ಕಾದಂಬರಿಗಳಲ್ಲಿ ಲೇಖಕರು ಮೊದಲು ಮಾಡುವ ಕೆಲಸ ದೊಡ್ಡವರನ್ನು ದಾರಿಯಿಂದ ಸರಿಸುವುದು. ‘ಟ್ರೆಷರ್ ಐಲೆಂಡ್’ನ ಹುಡುಗ ಜಿಮ್‌ನ ತಂದೆ ಕಥೆಯ ಆರಂಭದಲ್ಲಿಯೇ ತೀರಿಕೊಳ್ಳುವುದು ಅದಕ್ಕಾಗಿಯೇ ಇರಬೇಕು. ನಮ್ಮ ಮನೆಗಳಲ್ಲಿ ಹುಡುಗ ದಣಪೆ ದಾಟುವ ಮೊದಲೇ ಮೂರು ಜನ ‘ಎಲ್ಲಿಗೆ ಹೊರಟೆ’ ಎಂದು ಕೇಳುತ್ತಾರೆ, ನಾಲ್ಕನೆಯವರು ತಿಂಡಿ ತಿಂದು ಹೋಗು ಎನ್ನುತ್ತಾರೆ. ಹೀಗಿರುವಾಗ ಸಾಹಸ ಎಲ್ಲಿಂದ ಬರಬೇಕು? ಆದರೂ ನಮ್ಮ ಸಾಗರದ ನಾ. ಡಿಸೋಜ ಬರೆದರು. ಅವರ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ನಿಧಿಯ ದ್ವೀಪ, ಕಡಲ್ಗಳ್ಳ ಯಾವುದೂ ನಮ್ಮಲ್ಲಿಲ್ಲ, ನಿಜ. ಆದರೆ ಲಿಂಗನಮಕ್ಕಿಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ, 1964ರಲ್ಲಿ ಮುಳುಗಿಹೋದ ಮಡೆನೂರಿನ ಹಳೆಯ ಅಣೆಕಟ್ಟೆ ನೀರಿನೊಳಗಿಂದ ತಾನಾಗಿ ಎದ್ದು ಬರುತ್ತದೆ. ನೀನು ಹತ್ತು ವರ್ಷದವಳಿದ್ದಾಗ ಅದನ್ನು ನೋಡಿ, ಒಳಗೆ ಯಾರಿದ್ದಾರೆ ದೊಡ್ಡಪ್ಪ ಎಂದು ಕೇಳಿದ್ದೆ.

ಜೀವನಚರಿತ್ರೆಗಳು ಕಪಾಟಿನಲ್ಲಿ ಇರಲಿ, ಅವಕ್ಕೇನೂ ಹಸಿವಾಗುವುದಿಲ್ಲ. ಡಿಸೋಜರ ಪುಸ್ತಕ ನನ್ನ ಬಳಿಯೇ ಇದೆ, ಕೊಳ್ಳಬೇಡ. ಬೇಸಿಗೆ ರಜೆಗೆ ಬರುವಾಗ ದೊಡ್ಡವನಿಗೆ ಒಂದು ನೋಟ್‌ಬುಕ್, ಪೆನ್ಸಿಲ್ ಮಾತ್ರ ಕೊಟ್ಟು ಕಳುಹಿಸು, ಹಿನ್ನೀರಿನ ನಕ್ಷೆ ಬರೆಸುತ್ತೇನೆ. ಇವತ್ತು ರಾತ್ರಿ ಚಿಕ್ಕವಳಿಗೆ ಓದುವಾಗ ಒಂದನ್ನು ಗಮನಿಸಿ ನನಗೆ ತಿಳಿಸು: ಆ ಹಲ್ಲಿನ ಕೋಲಿನ ಪುಟದಲ್ಲಿ ಅವಳು ನಗುವುದು ಪುಟ ತಿರುಗಿಸಿದ ಮೇಲೋ, ತಿರುಗಿಸುವುದಕ್ಕೆ ಮೊದಲೋ?