ಹರ್ವ್-ಕೆ: ಆರ್‌ಟಿ ಹಾಕದ ಟ್ಯೂಬಿನ್ಯಾಗೂ ಸಿಗ್ನಲ್ ಬರಾಕತ್ತೈತಿ

ಸಪ್ತಾಪುರ_ಪಿಪೆಟ್: ಮೂರನೇ ಸಲ ಹಿಂಗ ಆತು. ಹರ್ವ್-ಕೆ (ನಮ್ಮ ಜೀನೋಮಿನ್ಯಾಗ ಉಳದ ಹಳೇ ವೈರಸ್) ಆರ್‌ಎನ್‌ಎ ಎಷ್ಟೈತಿ ಅಂತ ಪಿಸಿಆರ್‌ಲೇ ಅಳ್ಯಾಕತ್ತೇನಿ. ಎನ್ವ್ (ವೈರಸ್ಸಿನ ಹೊದಿಕಿ ಜೀನ್) ಪ್ರೈಮರ್ (ಆ ಜೀನ್‌ಗೆ ಕೂಡೂ ಸಣ್ಣ ಡಿಎನ್‌ಎ ತುಂಡು), ಸೈಬರ್ ಗ್ರೀನ್ (ಡಿಎನ್‌ಎಗೆ ಅಂಟಿ ಹೊಳಿಯೂ ಬಣ್ಣ). ಆರ್‌ಟಿ (ಆರ್‌ಎನ್‌ಎ ನೋಡಿ ಡಿಎನ್‌ಎ ಮಾಡೂ ಕಿಣ್ವ) ಹಾಕಿದ್ದು ಸಿಟಿ (ಸಿಗ್ನಲ್ ಕಾಣಾಕ ಬೇಕಾದ ಸುತ್ತು, ಕಡಿಮಿ ಇದ್ದಷ್ಟು ಮಾಲು ಹೆಚ್ಚು) 22, ಹಾಕದ್ದು 23. ಡಿಎನ್‌ಏಸ್ (ಡಿಎನ್‌ಎ ಕಡ್ಯೂ ಕಿಣ್ವ) ಕೊಟ್ಟೇನಿ. ಜಿಎಪಿಡಿಎಚ್ (ಹೋಲಿಸಾಕ ಇಟ್ಟ ಮಾಮೂಲಿ ಜೀನ್) ಆರ್‌ಟಿ ಇಲ್ಲದಾಗ ಸ್ವಚ್ಛ ಐತಿ. ತಲಿ ಕೆಟ್ಟೈತ್ರಿ.

ಉಣಕಲ್_ಜೀನ್: ನೀರು ಕೆಟ್ಟೈತಿ. ಹೊಸ ನೀರು, ಫಿಲ್ಟರ್ ಟಿಪ್ ತಗೋರಿ.

ಸಪ್ತಾಪುರ_ಪಿಪೆಟ್: ನೀರು ಬದಲಿಸೇನಿ. ಅದ ಹಾಡು.

ಉಣಕಲ್_ಜೀನ್: ಹಂಗಾರ ಪ್ರೈಮರ್ ಅಲಿಕ್ವಾಟ್ (ಹಂಚಿಟ್ಟ ಪಾಲು) ಕೆಟ್ಟಿರಬೇಕು. ಇಲ್ಲಾ ಪಿಪೆಟ್ ಬಾಯಿ. 10% ಬ್ಲೀಚ್‌ಲೇ ಒರಸ್ರಿ.

ಗದಗ_ಬೆಂಚ್: ಎನ್‌ಟಿಸಿ (ಆರ್‌ಎನ್‌ಎ ಬದಲಿ ಬರೇ ನೀರು ಹಾಕಿದ ಟ್ಯೂಬು) ಎಷ್ಟು ಬಂತು? ಮೊದಲ ಅದನ್ನ ಹೇಳ್ರಿ.

ಸಪ್ತಾಪುರ_ಪಿಪೆಟ್: 38 ದಾಟೈತಿ. ಹೇಳೇನಿ ಅನ್ಕೊಂಡಿದ್ದೆ.

ಗದಗ_ಬೆಂಚ್: ಹೇಳಿಲ್ರಿ. ನೀರಿನ ಮಾತು ಅಲ್ಲಿಗೆ ಮುಗೀತು. ಆರ್‌ಎನ್‌ಎ ಜೋಡಿ ಜೀನೋಮಿಕ್ ಡಿಎನ್‌ಎ ಬಂದೈತಿ. ಒಂದ ಸಿಟಿ ಫರಕ್ ಅಂದ್ರ ಸಿಗ್ನಲ್‌ನ್ಯಾಗ ಅರ್ಧ ಡಿಎನ್‌ಎದ್ದು. ಜಿಎಪಿಡಿಎಚ್ ನಂಬಬ್ಯಾಡ್ರಿ, ಆ ಪ್ರೈಮರ್ ನಡುವ ದೊಡ್ಡ ಇಂಟ್ರಾನ್ (ಡಿಎನ್‌ಎದಾಗ ಇದ್ದು ಆರ್‌ಎನ್‌ಎದಾಗ ಕಡದ ಹೋಗೂ ತುಂಡು) ಇದ್ರ ಡಿಎನ್‌ಎ ಮ್ಯಾಲ ಏಳೂದ ಇಲ್ಲ. ಎನ್ವ್‌ಗೆ ಆ ತಡಿ ಇಲ್ಲ, ಮ್ಯಾಲ ಒಂದ ಜೀನೋಮಿನ್ಯಾಗ ಪ್ರೈಮರ್ ಕೂಡಾಕ ಹತ್ತಾರು ಜಾಗಾ. ಎಷ್ಟು ಆರ್‌ಎನ್‌ಎಗೆ ಎಷ್ಟು ಯೂನಿಟ್ ಡಿಎನ್‌ಏಸ್?

ಸಪ್ತಾಪುರ_ಪಿಪೆಟ್: 8 ಮೈಕ್ರೋಗ್ರಾಮಿಗೆ 1.

ಬ್ಯಾಡಗಿ_ಖಾರ: ನಮ್ಮ ಜೀನೋಮ್ 8% ಹಳೇ ವೈರಸ್ಸ, ಬರದ ಇರ್ತೈತೇನು!

ಉಣಕಲ್_ಜೀನ್: ಆ 8%ನ್ಯಾಗ ಬಹಳಷ್ಟು ಒಂಟಿ ಎಲ್‌ಟಿಆರ್ (ವೈರಸ್ಸಿನ ಬರೇ ತುದಿ ತುಂಡು) ಅದಾವ. ಅವಕ್ಕ ಎನ್ವ್ ಎಲ್ಲಿಂದ ಬರಬೇಕು?

ಬ್ಯಾಡಗಿ_ಖಾರ: ಸಿನ್ಸಿಟಿನ್-1 ಮತ್ತೇನ್ರಿ? 7ನೇ ಕ್ರೋಮೋಸೋಮಿನ ಹರ್ವ್-ಡಬ್ಲ್ಯು ಎನ್ವ್. ಬಸಿರಿನ್ಯಾಗ ಮಾಸು ಕಟ್ಟಾಕ ಅದ ಬೇಕು.

ಗದಗ_ಬೆಂಚ್: ಅದಕ್ಕ ಬ್ಯಾರೆ ಥ್ರೆಡ್ ತಗೀರಿ ಇಬ್ರೂ.
ಸಪ್ತಾಪುರದವ್ರ, 1 ಮೈಕ್ರೋಗ್ರಾಮಿಗೆ 1 ಯೂನಿಟ್, ಬಫರ್ ಕೂಡಿಸಿ 10 ಮೈಕ್ರೋಲೀಟರ್, 15 ನಿಮಿಷ ರೂಮ್ ಟೆಂಪರೇಚರ್. ರೂಮ್ ಅಂದ್ರ 25 ಡಿಗ್ರಿ, ಹುಬ್ಬಳ್ಳಿ ಏಪ್ರಿಲ್ ಮಧ್ಯಾಹ್ನ ಅಲ್ಲ, ಬ್ಲಾಕಿನ್ಯಾಗ ಇಡ್ರಿ. ಆಮ್ಯಾಲ 25 ಮಿಲಿಮೋಲಾರ್ ಇಡಿಟಿಎ (ಮೆಗ್ನೀಸಿಯಂ ಹಿಡದ ಇಡೂ ರಾಸಾಯನಿಕ) 1 ಮೈಕ್ರೋಲೀಟರ್, ಆಮ್ಯಾಲ 65 ಡಿಗ್ರಿ 10 ನಿಮಿಷ. ಇಡಿಟಿಎ ಹಾಕದ ಕಾಸಿದ್ರ ಮೆಗ್ನೀಸಿಯಂ ಆರ್‌ಎನ್‌ಎ ಕಡದ ಹಾಕ್ತೈತಿ. ಆರ್‌ಎನ್‌ಎ ತಗಿಯಾಕ ಬಳಸಿದ್ದು ಟ್ರೈಝಾಲ್ ದ್ರಾವಣ ಆಗಿದ್ರ ಬಿಳಿ ಪದರ ಮುಟ್ಟಬ್ಯಾಡ್ರಿ, ಮ್ಯಾಲಿನ ನೀರು ಒಂದೀಟು ಬಿಟ್ಟ ತಗೀರಿ. ಆಶಾ ಹೆಚ್ಚಾದ್ರ ಡಿಎನ್‌ಎ ಏಳ್ತೈತಿ.

ಉಣಕಲ್_ಜೀನ್: ನಮ್ಮ 384 ವೆಲ್ ಮಷಿನ್ನಿನ್ಯಾಗ ಇಂಥಾ ತ್ರಾಸ ಬಂದ ಇಲ್ಲ.

ಗದಗ_ಬೆಂಚ್: ಮಷಿನ್ ಡಿಎನ್‌ಎ ತಿಂತೈತೇನ್ರಿ?

ಸಪ್ತಾಪುರ_ಪಿಪೆಟ್: ಮಾಡ್ದೆ. ಆರ್‌ಟಿ 23, ಆರ್‌ಟಿ ಇಲ್ಲದ್ದು 32. ಆದ್ರ ಮೆಲ್ಟ್ ಕರ್ವ್‌ನ್ಯಾಗ (ಕಾಸಿದಾಗ ಡಿಎನ್‌ಎ ಎಳಿ ಬಿಡೂದನ್ನ ತೋರ್ಸೂ ಗೆರಿ) ಈಗ ಎರಡು ಗುಡ್ಡ ಅದಾವ.

ಗದಗ_ಬೆಂಚ್: ಬ್ಯಾರೆ ಬ್ಯಾರೆ ಜಾಗಾದ ಎನ್ವ್ ಅಕ್ಷರ ಒಂದ ನಮೂನಿ ಇರೂದಿಲ್ಲ. ಜೆಲ್ ಓಡಿಸಿ ಅಳತಿ ನೋಡ್ರಿ. ಒಂದ ಅಳತಿ ಬಂದ್ರ ಕ್ಲೋನ್ ಮಾಡಿ ಸೀಕ್ವೆನ್ಸ್‌ಗೆ ಕಳಸ್ರಿ.

ಉಣಕಲ್_ಜೀನ್: ನೀರು ಮತ್ತೊಮ್ಮೆ ನೋಡ್ರಿ.